ಕೊನೆಯ ಇನ್ನೂರು ಮೀಟರ್: ಬ್ಯಾಡಗಿಯ ಒಂದು ರೇಸ್ ಕುದುರೆಯ ಗಂಟಲು

ಬ್ಯಾಡಗಿ ಮಾರುಕಟ್ಟೆಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ ಬೆಂಗಳೂರಿನಲ್ಲಿ ಓಡುವ ರೇಸ್ ಕುದುರೆಯೊಂದರಲ್ಲಿ ಅರ್ಧ ಪಾಲಿದೆ. ಕುದುರೆ ಥರೋಬ್ರೆಡ್, ಬೀಜ ತೆಗೆಸಿದ ಗಂಡು, ನಾಲ್ಕು ವರ್ಷ, ಎತ್ತರ 16.2 ಹ್ಯಾಂಡ್. ಅಂದರೆ ಹೆಗಲಿನ ಬಳಿ ಸುಮಾರು 168 ಸೆಂಟಿಮೀಟರ್. ಮೂರನೇ ವರ್ಷದಲ್ಲಿ ಚೆನ್ನಾಗಿಯೇ ಓಡಿದ್ದ ಪ್ರಾಣಿ ಆಮೇಲೆ 1,400 ಮೀಟರ್ ಓಟಗಳಲ್ಲಿ ಕೊನೆಯ ತಿರುವು ದಾಟುವವರೆಗೆ ಮುಂದಿನ ಸಾಲಿನಲ್ಲಿದ್ದು, ಕೊನೆಯ ಇನ್ನೂರು ಮೀಟರಿನಲ್ಲಿ ಯಾರೋ ಹಿಂದಿನಿಂದ ಜಗ್ಗಿದ ಹಾಗೆ ನಿಂತುಬಿಡುತ್ತಿತ್ತು. ಜೊತೆಗೆ ಗಂಟಲಿನಿಂದ ಸದ್ದು. ಓಟ ಮುಗಿದು ಅರ್ಧ ನಿಮಿಷದಲ್ಲಿ ಸದ್ದೂ ಇಲ್ಲ, ಸಂಕಟವೂ ಇಲ್ಲ.

ಬೆಂಗಳೂರಿನಲ್ಲಿ ನಿಂತ ಕುದುರೆಗೆ ಒಮ್ಮೆ ಎಂಡೋಸ್ಕೋಪಿ ಆಗಿತ್ತು. ಗಂಟಲಿನ ಎಡ ಆರಿಟಿನಾಯ್ಡ್ (ಉಸಿರಿನ ದಾರಿಯ ಬಾಯಲ್ಲಿ ಎಡಬಲಕ್ಕೆ ಬಾಗಿಲಿನಂತಿರುವ ಮೃದ್ವಸ್ಥಿಗಳಲ್ಲೊಂದು) ಬಲಕ್ಕಿಂತ ತುಸು ತಡವಾಗಿ ತೆರೆಯುತ್ತದೆ ಎಂದು ಚೀಟಿಯಲ್ಲಿ ಬರೆದಿದ್ದರು. ಸದ್ದು ಇದೆ, ಎಡಗಡೆ ತಡ ಇದೆ, ಕುದುರೆ ಎತ್ತರವಿದೆ. ಇಷ್ಟು ಸಾಕಾಯಿತು. ‘ರೋರರ್’, ಅಂದರೆ ಓಡುವಾಗ ಗಂಟಲಿನಿಂದ ಗರ್ಜಿಸುವ ಕುದುರೆ ಎಂಬ ಹಣೆಪಟ್ಟಿ ಅಂಟಿಕೊಂಡಿತು. ಒಬ್ಬರು ಆ ಆರಿಟಿನಾಯ್ಡನ್ನು ತೆರೆದು ಕಟ್ಟುವ ಟೈ-ಬ್ಯಾಕ್ ಶಸ್ತ್ರಚಿಕಿತ್ಸೆ ಮಾಡಿಸಿ ಎಂದರೆ, ಇನ್ನೊಬ್ಬರು ಮಾರಿಬಿಡಿ ಎಂದರು. ಮಾಲೀಕರು ಎರಡನ್ನೂ ಮಾಡದೆ ವಿಶ್ರಾಂತಿಗೆಂದು ಕುದುರೆಯನ್ನು ಊರ ಹೊರಗಿನ ತಮ್ಮ ತೋಟಕ್ಕೆ ತರಿಸಿದರು. ಹಾವೇರಿ ಭಾಗದಲ್ಲಿ ಎತ್ತು, ಎಮ್ಮೆಗಳ ನಡುವೆ ಅಲ್ಲೊಂದು ಇಲ್ಲೊಂದು ಕುದುರೆ ನೋಡುವ ನನಗೆ ಫೋನ್ ಬಂದದ್ದು ಆಗ.

“ಡಾಕ್ಟ್ರ, ಆಪರೇಷನ್ ಮಾಡ್ಸಬೇಕಂದ್ರ ಈಗ ಮಾಡ್ಸಿಬಿಡೂಣ್ರಿ. ಗ್ವಾದ್ಲಿ ಮುಂದ ನಿಂತು ಸುಮ್ಮ ತಿನ್ನಾಕ ಹತ್ತೇತಿ,” ಎಂದರು ಮಾಲೀಕರು. ವ್ಯಾಪಾರಿಯ ಲೆಕ್ಕ ಸರಿಯಾದದ್ದೇ. ಆದರೆ ಯಾವ ಆಪರೇಷನ್ ಎಂಬುದಕ್ಕೆ ಮೊದಲು ಯಾವ ಕಾಯಿಲೆ ಎಂಬುದು ತೀರ್ಮಾನವಾಗಬೇಕಿತ್ತು. ಚೀಟಿಯಲ್ಲಿದ್ದದ್ದು ಕಾಯಿಲೆಯಲ್ಲ, ನಿಂತ ಕುದುರೆಯಲ್ಲಿ ಕಂಡ ಒಂದು ಲಕ್ಷಣ ಮಾತ್ರ.

ಕುದುರೆಯ ಉಸಿರಿನ ದಾರಿ

ಕುದುರೆ ಬಾಯಿಂದ ಉಸಿರಾಡಲಾರದು. ನಾವು ಏದುಸಿರು ಬಂದಾಗ ಬಾಯಿ ತೆರೆಯುತ್ತೇವೆ, ನಾಯಿ ನಾಲಗೆ ಚಾಚುತ್ತದೆ. ಕುದುರೆಗೆ ಆ ದಾರಿಯೇ ಇಲ್ಲ. ಅದರ ಮೆತ್ತನೆಯ ಅಂಗುಳ ತುಂಬ ಉದ್ದ. ಅದರ ಹಿಂದಿನ ಅಂಚು ಗಂಟಲ ಮುಚ್ಚಳದ, ಅಂದರೆ ಎಪಿಗ್ಲಾಟಿಸ್‌ನ ಬುಡಕ್ಕೆ ಬಿಗಿಯಾಗಿ ಕೂತು ಬಾಯಿಯನ್ನು ಉಸಿರಿನ ದಾರಿಯಿಂದ ಬೇರ್ಪಡಿಸುತ್ತದೆ. ಎಪಿಗ್ಲಾಟಿಸ್ ಅಂಗುಳದ ಮೇಲೆ ಇರಬೇಕು, ಅದು ಸಹಜ ಸ್ಥಿತಿ. ನುಂಗುವಾಗ ಮಾತ್ರ ಕ್ಷಣಕಾಲ ಜಾಗ ಅದಲುಬದಲಾಗಿ ಮತ್ತೆ ಮೊದಲಿನಂತಾಗುತ್ತದೆ.

ವಿಶ್ರಾಂತಿಯಲ್ಲಿ ನಿಮಿಷಕ್ಕೆ 8ರಿಂದ 16 ಬಾರಿ, ಪ್ರತಿ ಬಾರಿ ಸುಮಾರು 5 ಲೀಟರ್ ಗಾಳಿ. ಪೂರ್ತಿ ವೇಗದಲ್ಲಿ ಅದೇ ಪ್ರಾಣಿ ನಿಮಿಷಕ್ಕೆ 120ಕ್ಕೂ ಹೆಚ್ಚು ಬಾರಿ, ಪ್ರತಿ ಬಾರಿ 12 ಲೀಟರಿನ ಆಸುಪಾಸು ಎಳೆಯುತ್ತದೆ. ಒಟ್ಟು ಗಾಳಿ ಇಪ್ಪತ್ತು ಪಟ್ಟು ಏರುತ್ತದೆ, ದಾರಿ ಮಾತ್ರ ಅದೇ. ಗಾಳಿಯ ವೇಗ ಹೆಚ್ಚಿದಂತೆ ಒಳಗಿನ ಒತ್ತಡ ಇಳಿದು ದಾರಿಯ ಮೆತ್ತನೆಯ ಗೋಡೆಗಳು ಒಳಕ್ಕೆ ಜಗ್ಗುತ್ತವೆ. ಸ್ನಾಯುಗಳು ಅದನ್ನು ಎದುರಿಸಿ ಹಿಡಿದಿರಬೇಕು. ಕೊಳವೆಯೊಂದರ ತ್ರಿಜ್ಯ ಐದರಲ್ಲಿ ಒಂದು ಪಾಲು ಕಿರಿದಾದರೆ ಗಾಳಿಗೆ ಆಗುವ ತಡೆ ದುಪ್ಪಟ್ಟಿಗೂ ಮೀರುತ್ತದೆ. ಕೊಟ್ಟಿಗೆಯಲ್ಲಿ ಹುಲ್ಲು ಅಗಿಯುತ್ತಾ ನಿಂತ ಕುದುರೆಯಲ್ಲಿ ಇದಾವುದೂ ಕಾಣುವುದಿಲ್ಲ. ಗಂಟಲಿನ ಬಹುಪಾಲು ತೊಂದರೆಗಳು ಓಡುವಾಗ ಮಾತ್ರ ಹುಟ್ಟಿ, ನಿಂತೊಡನೆ ಮಾಯವಾಗುತ್ತವೆ.

ಮೊದಲ ಪರೀಕ್ಷೆ

ಮೈಶಾಖ 37.8 ಡಿಗ್ರಿ, ನಾಡಿ 34, ಉಸಿರು 12. ತೂಕ ಕೊಂಚ ಹೆಚ್ಚೇ. ಎರಡೂ ಹೊಳ್ಳೆಗಳ ಮುಂದೆ ಅಂಗೈ ಹಿಡಿದರೆ ಗಾಳಿ ಸಮನಾಗಿ ಬರುತ್ತಿತ್ತು. ಹಣೆ, ಕೆನ್ನೆಗಳನ್ನು ಬೆರಳಿನಿಂದ ಬಡಿದಾಗ ಸೈನಸ್‌ಗಳ ಸದ್ದು ಎರಡೂ ಕಡೆ ಒಂದೇ. ದವಡೆಯ ಕೆಳಗಿನ ಹಾಲ್ರಸ (ಲಿಂಫ್) ಗ್ರಂಥಿಗಳು ಊದಿರಲಿಲ್ಲ. ಮೂಗಿನ ಮೇಲೆ ಪ್ಲಾಸ್ಟಿಕ್ ಚೀಲ ಹಿಡಿದು ಆಳವಾಗಿ ಉಸಿರಾಡಿಸಿ ಎದೆ ಆಲಿಸಿದೆ. ಶ್ವಾಸಕೋಶ ಸ್ವಚ್ಛ, ಆದರೆ ಚೀಲ ತೆಗೆದ ಮೇಲೆ ಒಂದೆರಡು ಸಲ ಕೆಮ್ಮಿತು. ಅದನ್ನು ಬರೆದಿಟ್ಟುಕೊಂಡೆ.

ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳ ಗುಂಟ ಬೆರಳಾಡಿಸಿ ನೋಡಿದೆ. ಇಂಜೆಕ್ಷನ್ ರಕ್ತನಾಳ ತಪ್ಪಿ ಹೊರಗೆ ಸುರಿದು ಅಲ್ಲಿನ ನರಕ್ಕೆ ಪೆಟ್ಟಾಗಿ ಗಂಟಲಿನ ಒಂದು ಬದಿ ಸತ್ತುಹೋಗುವುದುಂಟು. ರೇಸ್ ಕುದುರೆಗಳು ಚುಚ್ಚಿಸಿಕೊಳ್ಳುವ ಸೂಜಿಗಳು ಕಡಿಮೆಯಲ್ಲ. ಇಲ್ಲಿ ಗಂಟೂ ಇರಲಿಲ್ಲ, ಗಟ್ಟಿಯೂ ಇರಲಿಲ್ಲ.

ಆಮೇಲೆ ಗಂಟಲಗೂಡು, ಅಂದರೆ ಧ್ವನಿಪೆಟ್ಟಿಗೆ. ಹಿಂದಿನಿಂದ ಎರಡೂ ಕೈಗಳ ತೋರುಬೆರಳು ಒತ್ತಿ, ಆರಿಟಿನಾಯ್ಡ್‌ನ ಹಿಂಬದಿಯ ಮೂಳೆಯಂಥ ಮೊನೆ ಎಷ್ಟು ಚೂಪಾಗಿ ಸಿಗುತ್ತದೆಂದು ನೋಡಬೇಕು. ಆ ಮೊನೆಯ ಮೇಲೆ ಕೂತ ಸ್ನಾಯು ಸೊರಗಿದ್ದರೆ ಎಡಗಡೆ ಚೂಪು ಹೆಚ್ಚು. ಇಲ್ಲಿ ಎಡಕ್ಕೆ ತುಸು ಹೆಚ್ಚೇ ಸಿಕ್ಕಿತು ಎನ್ನಬಹುದು, ಖಚಿತವಾಗಿ ಹೇಳುವಷ್ಟಲ್ಲ. ಬೆರಳಿನ ತುದಿಗೆ ಮನಸ್ಸಿನ ಮಾತು ಕೇಳುವ ಚಟ ಇರುತ್ತದೆ. ಚೀಟಿ ಮೊದಲೇ ಓದಿದ ಬೆರಳಿಗಂತೂ ಇನ್ನೂ ಹೆಚ್ಚು.

ಎಡಗಡೆಯೇ ಯಾಕೆ ಎಂಬುದನ್ನು ಮಾಲೀಕರಿಗೂ ಹೇಳಬೇಕಾಯಿತು. ಗಂಟಲು ತೆರೆಯುವ ಸ್ನಾಯುವಿಗೆ ಹೋಗುವ ನರ ಮಿದುಳಿನಿಂದ ನೇರ ಬರುವುದಿಲ್ಲ. ಎದೆಯೊಳಗೆ ಇಳಿದು, ಎಡ ನರ ಮಹಾಧಮನಿಯನ್ನು ಸುತ್ತಿ ಮತ್ತೆ ಗಂಟಲಿಗೆ ಏರುತ್ತದೆ. ದೇಹದ ಅತ್ಯಂತ ಉದ್ದದ ನರಗಳಲ್ಲಿ ಇದೊಂದು. ಎತ್ತರದ, ಉದ್ದ ಕುತ್ತಿಗೆಯ ಕುದುರೆಗಳಲ್ಲಿ ಈ ನರ ತುದಿಯಿಂದ ಸೊರಗುತ್ತಾ ಬರುತ್ತದೆ. ಸ್ನಾಯು ಕೃಶವಾಗಿ, ಎಳೆಯುವ ಗಾಳಿಗೆ ಎಡ ಆರಿಟಿನಾಯ್ಡ್ ಒಳಕ್ಕೆ ಬಾಗಿ ದಾರಿ ಮುಚ್ಚುತ್ತದೆ. ಆಗ ಬರುವುದು ಸಿಳ್ಳಿನಂಥ ಅಥವಾ ಗರ್ಜನೆಯಂಥ ಸದ್ದು, ಅದೂ ಉಸಿರು ಎಳೆಯುವಾಗ. ಈ ಕುದುರೆಯ ಮೇಲಿನ ಆರೋಪ ಇದೇ.

ಎಳೆಯುವಾಗಲೋ, ಬಿಡುವಾಗಲೋ? ಈ ಪ್ರಶ್ನೆಗೆ ಬೆಂಗಳೂರಿನಿಂದ ಬಂದ ಕಾಗದಗಳಲ್ಲಿ ಉತ್ತರವಿರಲಿಲ್ಲ. ಕುದುರೆಯ ಜೊತೆ ಬಂದ ಸವಾರಿ ಹುಡುಗ ಒಮ್ಮೆ ಎಳೆಯುವಾಗ ಎಂದ, ಇನ್ನೊಮ್ಮೆ ಎರಡೂ ಎಂದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕೂತವನಿಗೆ ಅದನ್ನು ಗಮನಿಸುವ ಪುರುಸೊತ್ತು ಎಲ್ಲಿಂದ ಬರಬೇಕು? ಎರಡು ವಿಷಯ ಮಾತ್ರ ಅವನು ಖಂಡಿತವಾಗಿ ಹೇಳಿದ. ಸದ್ದು ಶುರುವಾದ ಮೂರು ನಾಲ್ಕು ಹೆಜ್ಜೆಗೆ ಕುದುರೆಯ ಬಲ ಹೋಗುತ್ತದೆ. ನುಂಗಿದ ಹಾಗೆ ಮಾಡಿದರೆ ಸದ್ದು ನಿಲ್ಲುತ್ತದೆ.

ನನ್ನ ಅನುಮಾನ ದಿಕ್ಕು ಬದಲಿಸಿದ್ದು ಈ ಎರಡನೇ ಮಾತಿಗೆ. ನರ ಸೊರಗಿದ ಗಂಟಲು ವೇಗ ಏರಿದಂತೆ ಹಂತಹಂತವಾಗಿ ಸದ್ದು ಏರಿಸುತ್ತದೆ, ಬಿಟ್ಟುಬಿಟ್ಟು ಅಲ್ಲ. ನುಂಗಿದೊಡನೆ ಸರಿಹೋಗುವುದು ಅಂಗುಳ.

ಮಧ್ಯೆ ಬಂದ ಎರಡು ವಿಷಯ

ತೋಟಕ್ಕೆ ಬಂದ ಹೊಸದರಲ್ಲಿ ಕುದುರೆಗೆ ಎರಡೂ ಹೊಳ್ಳೆಯಿಂದ ತಿಳಿ ಸಿಂಬಳ ಬಂದಿತ್ತೆಂದು ಆಳುಗಳು ಹೇಳಿದರು. ನಮ್ಮ ದೇಶದಲ್ಲಿ ಕುದುರೆಯ ಮೂಗು ಸುರಿದರೆ ಗ್ಲ್ಯಾಂಡರ್ಸ್ ಅಲ್ಲ ಎಂದು ಖಚಿತಪಡಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಮನುಷ್ಯರಿಗೂ ಅಂಟುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವದು. ಆದ್ದರಿಂದ ಕೈಗವಸು, ಮುಖಗವಸು ಹಾಕಿ ರಕ್ತದ ಮಾದರಿ ತೆಗೆದು ಪಶುಪಾಲನಾ ಇಲಾಖೆಯ ಮೂಲಕ ಕಳುಹಿಸಿದೆ. ರೋಗವಿಲ್ಲ ಎಂದು ಫಲಿತಾಂಶ ಬರುವವರೆಗೆ ಎಂಡೋಸ್ಕೋಪ್ ಒಳಗೆ ಹಾಕಲಿಲ್ಲ. ಕೆಲವರಿಗೆ ಇದು ಅತಿ ಎನಿಸಿತು. ಒಂದೇ ಎಂಡೋಸ್ಕೋಪನ್ನು ಹಲವು ಕುದುರೆಗಳ ಮೂಗಿಗೆ ಹಾಕುವವರಿಗೆ ಇದು ಅತಿಯಲ್ಲ.

ಇನ್ನೊಂದು ಮೆಣಸಿನಕಾಯಿ. ಕುದುರೆ ಕಟ್ಟಿದ್ದ ಶೆಡ್ಡಿನ ಬೆನ್ನಿಗೇ ಮೆಣಸಿನಕಾಯಿ ಚೀಲ ತುಂಬಿದ ಗೋದಾಮು. ಸುಗ್ಗಿ ಕಾಲ, ಅಂಗಳದ ತುಂಬ ಒಣಹಾಕಿದ್ದರು. ತೋಟದಲ್ಲಿದ್ದವರೆಲ್ಲ “ಘಾಟಿಗ್ರಿ, ಬ್ಯಾರೇ ಏನಿಲ್ಲ” ಎನ್ನುತ್ತಿದ್ದರು. ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದೂ ಆ ಗುಣಕ್ಕಾಗಿಯೇ. ಆದರೂ ಅದರ ಧೂಳು ಧೂಳೇ. ಬೆಂಗಳೂರಿನಲ್ಲಿ ಶುರುವಾದ ಸದ್ದಿಗೆ ಬ್ಯಾಡಗಿಯ ಘಾಟು ಕಾರಣವಾಗಲಾರದು. ಅದೇ ಹೊತ್ತಿಗೆ, ಪರೀಕ್ಷೆಯಲ್ಲಿ ಮೂಗಿನ ಚೀಲ ತೆಗೆದ ಮೇಲೆ ಬಂದ ಆ ಕೆಮ್ಮಿಗೆ ಅದು ಖಂಡಿತ ಕಾರಣವಾಗಬಹುದಿತ್ತು. ಕುದುರೆಯನ್ನು ಗಾಳಿಯ ಎದುರು ದಿಕ್ಕಿನ ಇನ್ನೊಂದು ಶೆಡ್ಡಿಗೆ ಬದಲಾಯಿಸಿ, ಕಣಕಿಯನ್ನು ನೀರಿನಲ್ಲಿ ನೆನೆಸಿ ಕೊಡಲು, ಕುದುರೆ ಮೆಂತ್ಯೆ ಹೆಚ್ಚಿಸಲು ಹೇಳಿದೆ.

ನಿಂತ ಕುದುರೆಯ ಗಂಟಲೊಳಗೆ

ಪರಿಚಯದ ಪಶುವೈದ್ಯ ಮಿತ್ರರೊಬ್ಬರು ವಿಡಿಯೊ ಎಂಡೋಸ್ಕೋಪ್ ತಂದರು. ಅಮಲಿನ ಔಷಧ ಕೊಡುವುದು ಬೇಡ ಎಂದು ಮೊದಲೇ ಮಾತಾಗಿತ್ತು. ಕ್ಸೈಲಜಿನ್‌ನಂಥ ಔಷಧ ಗಂಟಲಿನ ಸ್ನಾಯುಗಳನ್ನೇ ಸಡಿಲಿಸುತ್ತದೆ. ಸಡಿಲವಾದ ಗಂಟಲನ್ನು ನೋಡಿ ಸಡಿಲವಾಗಿದೆ ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಮೇಲ್ತುಟಿಗೆ ಹಗ್ಗ ತಿರುಚಿ ಹಿಡಿದು, ಬಲ ಹೊಳ್ಳೆಯ ಕೆಳಗಿನ ದಾರಿಯಿಂದ ಕೊಳವೆ ಇಳಿಸಿದೆವು.

ಮೊದಲು ಕಂಡದ್ದು ಗಂಟಲ ಗೋಡೆಯ ಮೇಲೆ ಎದ್ದ ಹಾಲ್ರಸ ಕಣಗಳು, ನಾಲ್ಕರ ಮಾಪನದಲ್ಲಿ ಎರಡು ಅಥವಾ ಮೂರು. ಎರಡು ವರ್ಷದ ಮರಿಗಳಲ್ಲಿ ಇದು ಸಾಮಾನ್ಯ, ವಯಸ್ಸಾದಂತೆ ಇಳಿಯಬೇಕು. ನಾಲ್ಕು ವರ್ಷಕ್ಕೆ ಇಷ್ಟು ಉಳಿದಿದ್ದರೆ ಏನೋ ಕೆರಳಿಸುತ್ತಿದೆ ಎಂದೇ ಅರ್ಥ. ಎಪಿಗ್ಲಾಟಿಸ್ ಚೆನ್ನಾಗಿತ್ತು, ಅಂಚಿನ ಸಣ್ಣ ಮಡಿಕೆಗಳು, ಮೇಲಿನ ರಕ್ತನಾಳಗಳ ಗೆರೆ ಸ್ಪಷ್ಟ. ಅದರ ಮೇಲೆ ಚರ್ಮದ ಮಡಿಕೆ ಸಿಕ್ಕಿಹಾಕಿಕೊಂಡಿರಲಿಲ್ಲ, ಕೆಳಗೆ ಗುಳ್ಳೆಯೂ ಇರಲಿಲ್ಲ. ಆರಿಟಿನಾಯ್ಡ್‌ಗಳ ಮೇಲೆ ಹುಣ್ಣಿಲ್ಲ, ಕೀವಿಲ್ಲ. ಕಿವಿ, ಗಂಟಲುಗಳ ನಡುವಿನ ಗಾಳಿಚೀಲಗಳಾದ ಗಟರಲ್ ಪೌಚ್‌ಗಳ ಬಾಯಿಯಿಂದ ಏನೂ ಸುರಿಯುತ್ತಿರಲಿಲ್ಲ. ಶ್ವಾಸನಾಳದಲ್ಲಿ ಒಂದೆರಡು ಲೋಳೆಯ ಎಳೆ.

ಎಡ ಆರಿಟಿನಾಯ್ಡ್ ನಿಜಕ್ಕೂ ತಡವಾಗಿತ್ತು. ಬಲದ್ದು ತೆರೆದ ಮೇಲೆ ಒಂದು ಕ್ಷಣ ನಡುಗಿ, ಆಮೇಲೆ ತೆರೆಯುತ್ತಿತ್ತು. ಬೆಂಗಳೂರಿನ ಚೀಟಿ ಸುಳ್ಳು ಹೇಳಿರಲಿಲ್ಲ. ನಂತರ ಎಂಡೋಸ್ಕೋಪಿನ ತುದಿಯಿಂದ ಸ್ವಲ್ಪ ನೀರು ಬಿಟ್ಟು ನುಂಗಿಸಿದೆವು. ನುಂಗಿದ ಮರುಕ್ಷಣ ಎರಡೂ ಆರಿಟಿನಾಯ್ಡ್ ಪೂರ್ತಿ ತೆರೆದು, ಸಮನಾಗಿ ನಿಂತವು. ಹೊಳ್ಳೆ ಎರಡನ್ನೂ ಒಂದು ನಿಮಿಷದ ಹತ್ತಿರ ಮುಚ್ಚಿ ಹಿಡಿದು ಬಿಟ್ಟಾಗಲೂ ಅಷ್ಟೇ. 2003ರಲ್ಲಿ ಒಪ್ಪಿಗೆಯಾದ ನಾಲ್ಕು ಹಂತದ ಮಾಪನದಲ್ಲಿ ಇದು ಎರಡನೇ ಹಂತ: ಚಲನೆಯಲ್ಲಿ ತಾಳ ತಪ್ಪುತ್ತದೆ, ಆದರೆ ಪೂರ್ತಿ ತೆರೆದು ಹಿಡಿದಿರಬಲ್ಲದು. ಮೂರನೇ ಹಂತದಲ್ಲಿ ಪೂರ್ತಿ ತೆರೆದು ನಿಲ್ಲುವುದಿಲ್ಲ, ನಾಲ್ಕರಲ್ಲಿ ಅಲುಗಾಡುವುದೇ ಇಲ್ಲ. ಓಟದ ಹೊಲದಲ್ಲಿ ಎರಡನೇ ಹಂತದ ಕುದುರೆಗಳು ಬೇಕಾದಷ್ಟಿವೆ, ಬಹುತೇಕ ಯಾವ ತೊಂದರೆಯೂ ಇಲ್ಲದೆ ಓಡುತ್ತವೆ. ಕೆಲವು ಮಾತ್ರ ವೇಗದಲ್ಲಿ ಕುಸಿಯುತ್ತವೆ. ಆ ಕೆಲವನ್ನು ನಿಂತಲ್ಲಿ ಗುರುತಿಸಲಾಗದು.

ಹೊಳ್ಳೆ ಮುಚ್ಚಿ ಹಿಡಿದಾಗ ಇನ್ನೊಂದು ಆಯಿತು. ಅಂಗುಳ ಎಪಿಗ್ಲಾಟಿಸ್‌ನ ಮೇಲೇರಿ ಕೂತಿತು. ಒಮ್ಮೆ ನುಂಗಿದರೆ ಹೋಗಲಿಲ್ಲ, ಎರಡನೇ ಸಲ ನುಂಗಿದಾಗ ಸರಿಯಿತು. ಮಿತ್ರರು ನನ್ನ ಮುಖ ನೋಡಿದರು. ಆದರೂ ಇದನ್ನು ಪುರಾವೆ ಎನ್ನುವಂತಿಲ್ಲ. ಉಸಿರು ಕಟ್ಟಿಸಿದಾಗ ಅಂಗುಳ ಏರುವುದು ಆರೋಗ್ಯದ ಕುದುರೆಗಳಲ್ಲೂ ಕಾಣುತ್ತದೆ. ಹೀಗೆ ನಮ್ಮ ಮುಂದೆ ಎರಡು ಆರೋಪಿಗಳು ನಿಂತಂತಾಯಿತು, ಇಬ್ಬರ ಮೇಲೂ ಅರ್ಧ ಸಾಕ್ಷಿ.

ಹಸುಗಳ ಗರ್ಭ ನೋಡಲು ಬಳಸುವ ಅಲ್ಟ್ರಾಸೌಂಡ್ ಯಂತ್ರ ಇಲ್ಲಿ ಉಪಯೋಗಕ್ಕೆ ಬಂತು. ಗಂಟಲಗೂಡಿನ ಬದಿಯಲ್ಲಿ ಅದೇ ನರದಿಂದ ನಡೆಯುವ ಇನ್ನೊಂದು ಚಿಕ್ಕ ಸ್ನಾಯುವಿದೆ, ಚರ್ಮದ ಮೇಲಿಂದಲೇ ಕಾಣುವಂಥದ್ದು. ನರ ಸೊರಗಿದರೆ ಅದು ಪರದೆಯಲ್ಲಿ ಬಲಗಡೆಯದಕ್ಕಿಂತ ಬಿಳಿಚಾಗಿ ಕಾಣುತ್ತದೆ. ಕೂದಲು ಬೋಳಿಸಿ, ಜೆಲ್ ಹಚ್ಚಿ ಎರಡೂ ಬದಿ ಹೋಲಿಸಿದೆವು. ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಯಂತ್ರವಿಲ್ಲದ ಊರಿನಲ್ಲಿ ಕುದುರೆಯ ಗಂಟಲಿನ ನರದ ಬಗ್ಗೆ ಸಿಗುವ ಅತಿ ಅಗ್ಗದ, ಒಳ್ಳೆಯ ಮಾಹಿತಿ ಇದು ಎಂದು ನನ್ನ ಅಭಿಪ್ರಾಯ. ನಮ್ಮ ಕಡೆ ಯಾರೂ ಬಳಸದಿರುವುದು ಯಾಕೋ ತಿಳಿಯದು.

ಮಸಾರಿ ಹೊಲದಲ್ಲಿ ಓಟ

ಉಳಿದದ್ದು ಓಡಿಸಿ ಕೇಳುವುದು. ಉದ್ದ ಹಗ್ಗ ಕಟ್ಟಿ ಸುತ್ತು ಓಡಿಸಿದಾಗ ಏನೂ ಕೇಳಿಸಲಿಲ್ಲ. ನಿರೀಕ್ಷಿಸಿದ್ದೇ. ದಣಿಯದ ಕುದುರೆಯಲ್ಲಿ ಅಂಗುಳ ಏರುವುದು ಕಡಿಮೆ. ತೋಟದ ಪಕ್ಕದ ಮಸಾರಿ ಹೊಲದಲ್ಲಿ ಕಲ್ಲು ಆರಿಸಿ, ನೇಗಿಲು ಹಾಯಿಸಿ ಉದ್ದನೆಯ ಓಟದ ಪಟ್ಟಿ ಮಾಡಿಸಿದರು ಮಾಲೀಕರು. ಸವಾರಿ ಹುಡುಗ ವಾರಗಟ್ಟಲೆ ನಿಧಾನವಾಗಿ ತಯಾರು ಮಾಡಿದ. ಆಮೇಲೆ ಒಂದು ಬೆಳಗ್ಗೆ ಜೋರಾಗಿ ಬಿಟ್ಟೆವು.

ಆ ತೋಟದಲ್ಲಿ ಕೊಬ್ಬರಿ ಹೋರಿ ಕಟ್ಟಿ ಬೆಳೆಸಿದ ಹಿರಿಯರೊಬ್ಬರಿದ್ದರು. ಹಾವೇರಿ ಜಿಲ್ಲೆಯ ಹೋರಿ ಹಬ್ಬಗಳಲ್ಲಿ ಅವರ ಹೋರಿ ಓಡಿದ್ದುಂಟಂತೆ. ಕುದುರೆ ಎರಡನೇ ಸುತ್ತು ಮುಗಿಸಿ ಬರುವಾಗ ಸದ್ದು ಬಂತು, ನೀರಿನೊಳಗೆ ಗುಳ್ಳೆ ಏಳುವಂಥ ದಪ್ಪ ಗೊರಗೊರ. ಅವರು ಕೈ ಎತ್ತಿ ಹೇಳಿದರು: “ಇದು ಉಸಿರು ಜಗ್ಗೂ ಸಪ್ಪಳ ಅಲ್ರೀ ಸಾಹೇಬ್ರ. ಬಿಡೂ ಮುಂದ ಬರತೈತಿ. ಮುಂಗಾಲು ನೆಲಕ್ಕ ಬಡದಾಗ ಕೇಳ್ರಿ.”

ಇದು ಕಿವಿಯ ಚಮತ್ಕಾರವಷ್ಟೇ ಅಲ್ಲ, ಶರೀರಶಾಸ್ತ್ರದ ಪಾಠವೂ ಹೌದು. ನಾಗಾಲೋಟದಲ್ಲಿ ಕುದುರೆ ಒಂದು ಹೆಜ್ಜೆಗೆ ಒಂದೇ ಉಸಿರು. ಮುಂಗಾಲುಗಳು ನೆಲಕ್ಕಿಳಿದಾಗ ಉಸಿರು ಹೊರಗೆ, ಕಾಲು ನೆಲ ಬಿಟ್ಟು ದೇಹ ಮುಂದೆ ಚಿಮ್ಮುವಾಗ ಒಳಗೆ. ಹಾಗಾಗಿ ಕಾಲು ನೋಡಿ ಉಸಿರಿನ ಹಂತ ಹೇಳಬಹುದು. ಹೋರಿಯ ಓಟ ಕುದುರೆಯ ಓಟದಂತಲ್ಲ. ಆದರೂ ದಶಕಗಳ ಕಾಲ ಓಡುವ ಪ್ರಾಣಿಯ ಪಕ್ಕ ನಿಂತವರ ಕಣ್ಣು, ಕಿವಿ ಒಟ್ಟಿಗೆ ಕೆಲಸ ಮಾಡುತ್ತವೆ.

ಮಾತಿನ ಮೇಲೆ ಬಿಡಲಿಲ್ಲ. ಮುಂದಿನ ಓಟಕ್ಕೆ ಸಣ್ಣ ಮೈಕೊಂದನ್ನು ಕುದುರೆಯ ಮೂಗಿನ ಪಟ್ಟಿಗೆ ಟೇಪಿನಿಂದ ಅಂಟಿಸಿ, ತಂತಿಯನ್ನು ಸವಾರನ ಜೇಬಿನ ಮೊಬೈಲಿಗೆ ಜೋಡಿಸಿದೆವು. ಇನ್ನೊಬ್ಬರು ಬೈಕಿನ ಹಿಂದೆ ಕೂತು ಬದಿಯಿಂದ ವಿಡಿಯೊ ತೆಗೆದರು. ಗೊರಸಿನ ಸದ್ದನ್ನು ಎರಡರಲ್ಲೂ ಹೊಂದಿಸಿ, ನಿಧಾನವಾಗಿ ಓಡಿಸಿ ನೋಡಿದಾಗ ಗೊರಗೊರ ಮುಂಗಾಲು ನೆಲದ ಮೇಲಿದ್ದಾಗಲೇ ಬರುತ್ತಿತ್ತು. ಅಷ್ಟೇ ಮುಖ್ಯವಾಗಿ, ಓಟದ ಮೊದಲರ್ಧದಲ್ಲಿ ಎಳೆಯುವ ಸಿಳ್ಳು ಎಲ್ಲಿಯೂ ಇರಲಿಲ್ಲ. ಉಸಿರು ಬಿಡುವಾಗ ಬರುವ ಸದ್ದಿಗೆ ನಿರುಪದ್ರವಿ ಕಾರಣವೊಂದೂ ಇದೆ. ಎಷ್ಟೋ ಕುದುರೆಗಳು ಹುರುಪಿನಲ್ಲಿ ಹೊಳ್ಳೆಯ ಮಡಿಕೆ ಬಡಿಯುತ್ತವೆ. ಅದು ಓಟದ ಆರಂಭದಲ್ಲಿ ಬಂದು ವೇಗ ಹೆಚ್ಚಿದಂತೆ ಹೋಗುತ್ತದೆ. ಇಲ್ಲಿ ಎಲ್ಲ ತಿರುಗಾಮುರುಗಾ.

ಇಷ್ಟಾದರೂ ಕಿವಿಯ ಸಾಕ್ಷಿಯ ಮೇಲೆ ಚಾಕು ಎತ್ತಲಾಗದು. ಅಂಗುಳ ಏರಿದ ಕುದುರೆಗಳಲ್ಲಿ ಕೆಲವು ಸದ್ದೇ ಮಾಡುವುದಿಲ್ಲ. ಇನ್ನು ಕೆಲವಲ್ಲಿ ಅಂಗುಳವೂ ಆರಿಟಿನಾಯ್ಡೂ ಒಟ್ಟಿಗೆ ಕುಸಿಯುತ್ತವೆ. ಎರಡನೆಯದಿದ್ದರೆ ಟೈ-ಬ್ಯಾಕ್ ಎಂದವರ ಮಾತಿನಲ್ಲಿ ಅರ್ಧ ಸತ್ಯ ಉಳಿಯುತ್ತಿತ್ತು.

ಓಡುವ ಕುದುರೆಯ ಗಂಟಲೊಳಗೆ

ಕುದುರೆಯನ್ನು ಬೆಂಗಳೂರಿಗೆ ವಾಪಸ್ ಕಳುಹಿಸಲು ಮಾಲೀಕರನ್ನು ಒಪ್ಪಿಸಿದ್ದು ಈ ಒಂದು ಪರೀಕ್ಷೆಗಾಗಿ. ಮೊದಲೆಲ್ಲ ಇದಕ್ಕೆ ಕುದುರೆಯನ್ನು ಟ್ರೆಡ್‌ಮಿಲ್ ಮೇಲೆ ಓಡಿಸಬೇಕಿತ್ತು. 2000ದ ದಶಕದ ಕೊನೆಗೆ ಲಗಾಮಿಗೆ ಕಟ್ಟುವ ಎಂಡೋಸ್ಕೋಪ್ ಬಂತು. ಕೊಳವೆ ಮೂಗಿನಲ್ಲಿರುತ್ತದೆ, ಯಂತ್ರ ಜೀನಿನ ಕೆಳಗಿನ ಬಟ್ಟೆಯಲ್ಲಿ, ಚಿತ್ರ ನಿಸ್ತಂತುವಾಗಿ ಹೊರಗಿನವರ ಪರದೆಗೆ. ತನ್ನದೇ ಸವಾರ, ತನ್ನದೇ ಪಟ್ಟಿ, ತನ್ನದೇ ನೆಲ. ಟ್ರೆಡ್‌ಮಿಲ್ಲಿನಲ್ಲಿ ಇವು ಸಿಗುವುದಿಲ್ಲ. ಆದರೆ ಷರತ್ತೊಂದಿದೆ. ನಿಜವಾದ ಓಟದಷ್ಟು ದಣಿಸಬೇಕು. ಅರ್ಧ ವೇಗದಲ್ಲಿ ಓಡಿಸಿ ಎಲ್ಲ ಸರಿಯಿದೆ ಎಂದು ಬರೆದರೆ ಅದು ಕುದುರೆಯ ಗಂಟಲಿನ ಬಗೆಗಲ್ಲ, ಪರೀಕ್ಷೆಯ ಬಗೆಗಿನ ಮಾತು. ನಾವು ಬರೆದುಕೊಟ್ಟದ್ದು ಇಷ್ಟು: ದೂರ 1,200 ಮೀಟರಿಗೆ ಕಡಿಮೆ ಬೇಡ. ಪಕ್ಕಕ್ಕೆ ಇನ್ನೊಂದು ಕುದುರೆ ಇರಲಿ. ಓಟದಲ್ಲಿ ಕೆಲವರು ಮಾಡುವಂತೆ ಕುದುರೆಯ ನಾಲಗೆಯನ್ನು ಪಟ್ಟಿಯಿಂದ ಕಟ್ಟಬೇಡಿ. ಸವಾರ ಎಂದಿನಂತೆ ಕುದುರೆಯ ತಲೆ ಬಿಗಿಹಿಡಿಯಲಿ.

ರೆಕಾರ್ಡಿಂಗ್ ನೋಡಿದೆ. ಮೊದಲ 800 ಮೀಟರ್ ಎರಡೂ ಆರಿಟಿನಾಯ್ಡ್ ಪೂರ್ತಿ ತೆರೆದು ಅಲುಗದೆ ನಿಂತಿವೆ, ಎಡದ್ದೂ. ಅದಾದ ಮೇಲೆ ಅಂಗುಳದ ಹಿಂಭಾಗ ಅದುರತೊಡಗುತ್ತದೆ. ಪ್ರತಿ ಹೆಜ್ಜೆಗೂ ಮೇಲುಬ್ಬಿ ಕೆಳಗಿಳಿದು, ಎಪಿಗ್ಲಾಟಿಸ್‌ನ ತುದಿಯನ್ನು ಸ್ವಲ್ಪಸ್ವಲ್ಪ ಎತ್ತುತ್ತದೆ. 1,000 ಮೀಟರಿನ ಹತ್ತಿರ ಒಂದು ಹೆಜ್ಜೆಯಲ್ಲಿ ಎಪಿಗ್ಲಾಟಿಸ್ ಮಾಯ. ಅಂಗುಳದ ಅಂಚು ಅದರ ಮೇಲೆ ಬಂದಿದೆ. ಉಸಿರು ಬಿಟ್ಟಾಗಲೆಲ್ಲ ಅದು ಗಾಳಿಗೆ ಒಡ್ಡಿದ ಒದ್ದೆ ಧೋತರದಂತೆ ಉಬ್ಬಿ ಬಡಿಯುತ್ತದೆ. ದಾರಿಯ ಬಹುಪಾಲು ಮುಚ್ಚಿದೆ. ಆ ವೇಗದಲ್ಲಿ ಇನ್ನೂರು ಮೀಟರ್ ಎಂದರೆ ಹನ್ನೆರಡು ಹದಿಮೂರು ಸೆಕೆಂಡು, ಮೂವತ್ತರ ಹತ್ತಿರ ಉಸಿರು. ಅಷ್ಟು ಉಸಿರುಗಳನ್ನು ಮುಚ್ಚಿದ ಗಂಟಲಿನಿಂದ ಬಿಡಬೇಕು. ಕುದುರೆ ತಲೆ ಎತ್ತುತ್ತದೆ, ವೇಗ ಬಿಡುತ್ತದೆ, ನುಂಗುತ್ತದೆ, ಎಪಿಗ್ಲಾಟಿಸ್ ಮತ್ತೆ ಮೇಲೆ ಬರುತ್ತದೆ.

ರೋಗನಿರ್ಣಯ: ಓಟದಲ್ಲಿ ಆಗಾಗ ಆಗುವ ಮೆತ್ತನೆ ಅಂಗುಳದ ಮೇಲ್ಸರಿತ, ಅದಕ್ಕೆ ಮುಂಚೆ ಅಂಗುಳದ ಅಸ್ಥಿರತೆ. ಎಡ ಆರಿಟಿನಾಯ್ಡ್ ಎರಡನೇ ಹಂತ, ಓಟಕ್ಕೆ ಸದ್ಯ ಅಡ್ಡಿಯಿಲ್ಲ.

ಮುಂದೇನು ಎಂಬ ಮಾತು

ಟೈ-ಬ್ಯಾಕ್ ಆಪರೇಷನ್ 1970ರಿಂದ ಬಳಕೆಯಲ್ಲಿದೆ. ನರ ಸತ್ತ ಕುದುರೆಗೆ ಅದು ಒಳ್ಳೆಯ ಉಪಾಯವೇ. ಎಡ ಆರಿಟಿನಾಯ್ಡನ್ನು ದಾರದಿಂದ ಎಳೆದು ಶಾಶ್ವತವಾಗಿ ತೆರೆದು ಕಟ್ಟುತ್ತಾರೆ. ಶಾಶ್ವತ ಎನ್ನುವುದೇ ಅದರ ಬೆಲೆ. ನುಂಗುವಾಗಲೂ ಆ ಬಾಗಿಲು ಮುಚ್ಚುವುದಿಲ್ಲ. ಕೆಲವು ಕುದುರೆಗಳು ಜೀವನವಿಡೀ ಮೇವು ತಿನ್ನುವಾಗ ಕೆಮ್ಮುತ್ತವೆ, ಆಹಾರ ಶ್ವಾಸನಾಳಕ್ಕೆ ಇಳಿಯುವುದೂ ಉಂಟು. ಈ ಕುದುರೆಗೆ ಅದನ್ನು ಮಾಡಿಸಿದ್ದರೆ ಸರಿಯಿದ್ದ ಭಾಗವನ್ನು ಕಟ್ಟಿಹಾಕಿ, ಕೆಟ್ಟ ಭಾಗವನ್ನು ಹಾಗೇ ಬಿಟ್ಟಂತಾಗುತ್ತಿತ್ತು.

“ಹಂಗಾರ ಇದಕ್ಕೂ ಒಂದು ಆಪರೇಷನ್ ಇರಬೇಕಲ್ರೀ?” ಎಂದರು ಮಾಲೀಕರು. ಇದೆ. ಗಂಟಲಗೂಡನ್ನು ಮುಂದಕ್ಕೂ ಮೇಲಕ್ಕೂ ಎಳೆದು ಹೊಲಿಯುವ ಟೈ-ಫಾರ್ವರ್ಡ್. ಆದರೆ ಮೊದಲಿಗೆ ಅದಲ್ಲ. ಗಂಟಲಿನ ಉರಿಯೂತ ಎದುರಿಗೇ ಇತ್ತು. ಅಂಗುಳದ ಸ್ನಾಯುಗಳಿಗೆ ಹೋಗುವ ನರ ಗಟರಲ್ ಪೌಚಿನ ಗೋಡೆಯನ್ನು ಸವರಿಕೊಂಡೇ ಹಾಯುತ್ತದೆ. ಆ ಸುತ್ತಿನ ಉರಿಯೂತ ಅಂಗುಳವನ್ನು ದುರ್ಬಲಗೊಳಿಸಬಲ್ಲದು ಎಂಬುದು ಬಹಳ ಕಾಲದಿಂದ ಇರುವ ವಾದ, ನನಗೂ ಒಪ್ಪಿಗೆಯಾದದ್ದು. ಅದಲ್ಲದೆ ಕುದುರೆಯ ತಯಾರಿ ಪೂರ್ತಿಯಾಗಿರಲಿಲ್ಲ. ದಣಿವೇ ಅಂಗುಳದ ದೊಡ್ಡ ಶತ್ರು. ಗಂಟಲಿಗೆ ಉರಿಯೂತ ಇಳಿಸುವ ಸ್ಪ್ರೇ ಕೆಲವು ವಾರ, ರೇಸಿನ ನಿಯಮದ ಪ್ರಕಾರ ಔಷಧ ಮೈಯಿಂದ ಹೋಗಲು ಬೇಕಾದ ದಿನಗಳನ್ನು ಲೆಕ್ಕ ಹಿಡಿದು. ನೆನೆಸಿದ ಮೇವು. ಬಾಯಿ ತೆರೆಯದಂತೆ ಎಂಟರ ಆಕಾರದ ಮೂಗುಪಟ್ಟಿ. ಓಟದ ದಿನ ನಾಲಗೆಗೆ ಕಟ್ಟು. ಸವಾರ ಆರಂಭದಲ್ಲಿ ತಲೆ ಎದೆಗೆ ಒತ್ತುವಂತೆ ಜಗ್ಗಬಾರದು, ಕುತ್ತಿಗೆ ಬಾಗಿದಷ್ಟೂ ಗಂಟಲು ಇಕ್ಕಟ್ಟು.

ಕೊನೆಯ ಸಲಹೆ ಪಾಲಿಸುವುದೇ ಕಷ್ಟವಾಯಿತು. ಕುದುರೆ ಮೊದಲೇ ಧಾವಿಸುವ ಸ್ವಭಾವದ್ದು, ಬಿಟ್ಟರೆ ಮೊದಲ 400 ಮೀಟರಿನಲ್ಲೇ ಶಕ್ತಿ ಮುಗಿಸುತ್ತದೆ. ಹಿಡಿದರೆ ಅಂಗುಳ ಏರುತ್ತದೆ. ತರಬೇತುದಾರರು ಒಂದು ಓಟಕ್ಕೆ 1,200 ಮೀಟರ್ ಆರಿಸಿ ಸಡಿಲವಾಗಿ ಓಡಿಸಿದರು. ಸದ್ದಿಲ್ಲದೆ ಮುಗಿಸಿತು, ಗೆಲ್ಲಲಿಲ್ಲ, ನಿಲ್ಲಲೂ ಇಲ್ಲ. ಮತ್ತೊಂದು ಓಟದಲ್ಲಿ ಗುಂಪಿನ ನಡುವೆ ಸಿಕ್ಕಿ ಬಿಗಿ ಹಿಡಿಯಬೇಕಾಗಿ ಬಂದಾಗ ಕೊನೆಗೆ ಅದೇ ಗೊರಗೊರ. ಗಂಟಲಿನ ಕಣಗಳು ಅಷ್ಟರಲ್ಲಿ ಇಳಿದಿದ್ದವು, ಕೆಮ್ಮು ನಿಂತಿತ್ತು.

ಟೈ-ಫಾರ್ವರ್ಡ್ ಬಗ್ಗೆ ಮಾಲೀಕರು ಇನ್ನೂ ತೀರ್ಮಾನಿಸಿಲ್ಲ. ಇನ್ನೂ ಒಂದೆರಡು ಚಿಕ್ಕ ದೂರದ ಓಟ ನೋಡಿ, ಅಂಗುಳ ಮತ್ತೆ ಏರಿದರೆ ಮಾಡಿಸುವುದು ಎಂದು ಸದ್ಯದ ಮಾತು. ನನ್ನ ಕಡೆಯಿಂದ ಒಂದು ಷರತ್ತು ಕಾಗದದ ಮೇಲೆ ಬರೆದು ಕೊಟ್ಟಿದ್ದೇನೆ. ಎರಡನೇ ಹಂತದ ಎಡ ಆರಿಟಿನಾಯ್ಡ್ ಹಾಗೇ ಉಳಿಯುತ್ತದೆಂಬ ಭರವಸೆಯಿಲ್ಲ, ತಿಂಗಳುಗಳಲ್ಲಿ ಮೂರಕ್ಕೂ ನಾಲ್ಕಕ್ಕೂ ಜಾರಿದ ಕುದುರೆಗಳಿವೆ. ಆರು ತಿಂಗಳಿಗೊಮ್ಮೆ ಅಮಲಿಲ್ಲದೆ ನಿಂತಲ್ಲಿ ಎಂಡೋಸ್ಕೋಪಿ ಆಗಬೇಕು, ನುಂಗಿಸಿ ನೋಡಬೇಕು. ಯಾವ ಆಪರೇಷನ್ನಿಗೆ ಮುಂಚೆಯೂ ಓಟದ ರೆಕಾರ್ಡಿಂಗ್ ಹೊಸದಾಗಿ ತೆಗೆಯಬೇಕು, ಈಗಿನದನ್ನು ತೋರಿಸಿ ಮುಂದೆ ಹೋಗುವಂತಿಲ್ಲ.